ಮನೆ ಬದಲಿಸುವಾಗ ನೂಲಿನ ಚೀಲ ಹೊರಗಿರಲಿ

ಮನೆ ಬದಲಿಸುವುದು ಈಗ ನಮ್ಮಲ್ಲಿ ಅಪರೂಪದ ಸಂಗತಿಯಲ್ಲ. 11 ತಿಂಗಳ ಬಾಡಿಗೆ ಕರಾರು ಮುಗೀತದೆ, ಮಾಲಕರು ಬಾಡಿಗೆ ಏರಿಸ್ತಾರೆ. ಅಣ್ಣತಮ್ಮಂದಿರು ಪಾಲಾಗಿ ಹಳೆಯ ಹಂಚಿನ ಮನೆ ಮಾರಾಟ ಆಗ್ತದೆ. ಗಲ್ಫಿನಲ್ಲಿ ದುಡಿದವರು ಊರಲ್ಲಿ ಫ್ಲ್ಯಾಟ್ ತಗೊಳ್ತಾರೆ. ನವಮಂಗಳೂರು ಬಂದರಿಗಾಗಿ ಪಣಂಬೂರಿನಿಂದ ಎದ್ದು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸದಾಗಿ ನೆಲೆಯಾದ ಕುಟುಂಬಗಳ ಹಿರಿಯರಲ್ಲಿ ಕೇಳಿದರೆ, ಮನೆ ಬಿಡುವುದು ಎಂದರೆ ಏನೆಂದು ಅವರೇ ಹೇಳ್ತಾರೆ. ಅವರ ಮಾತಿನಲ್ಲಿ ಗೋಡೆ, ಹಂಚುಗಳಿಗಿಂತ ಹೆಚ್ಚು ಬರುವುದು ನೆರೆಮನೆಯವರ ಹೆಸರು.

ಗಂಡಸರಿಗೆ ಮನೆ ಬದಲಾವಣೆ ಒಂದು ದಿನದ ಕೆಲಸ. ಟೆಂಪೊ ಬಂತು, ಸಾಮಾನು ಹೋಯ್ತು, ಮುಗಿಯಿತು. ಮನೆಯ ಹೆಂಗಸರಿಗೆ ಅದು ಹಿಂದೊಂದು ತಿಂಗಳು, ಮುಂದೊಂದು ತಿಂಗಳು. ಅಟ್ಟದಿಂದ ಪಾತ್ರೆ ಇಳಿಸಬೇಕು, ಯಾವುದನ್ನು ಕೊಂಡೊಯ್ಯುವುದು, ಯಾವುದನ್ನು ಬಿಡುವುದು ಅಂತ ತೀರ್ಮಾನಿಸಬೇಕು, ಮಕ್ಕಳ ಶಾಲೆ, ಮದ್ರಸ ನೋಡಬೇಕು. ಹೊಸ ಮನೆಗೆ ಹೋದ ಮೇಲೆ ಕಾಯುವ ಕೆಲಸ ಶುರು. ಲೈಟಿನವರು ಬರಲಿಲ್ಲ, ಗ್ಯಾಸ್ ವರ್ಗಾವಣೆ ಆಗಲಿಲ್ಲ, ಅಡಿಗೆಮನೆಯ ಡಬ್ಬಗಳು ಯಾವ ಪೆಟ್ಟಿಗೆಯಲ್ಲಿವೆಯೋ ಗೊತ್ತಿಲ್ಲ. ಸಂಜೆ ಹೊತ್ತು ಬಾಗಿಲು ತೆರೆದು ಕೂತರೆ "ಚಾ ಆಯ್ತಾ?" ಎಂದು ಕೇಳುವವರಿಲ್ಲ. ಆಗ ಕೈಗೆ ಬರುವುದು ಮೊಬೈಲು. ಗಂಟೆಗಟ್ಟಲೆ ನೋಡಿದರೂ ಮನಸ್ಸು ಹಗುರ ಆಗುವುದಿಲ್ಲ.

ಅಂಥ ಹೊತ್ತಿಗೆ ನಾವು ಹೇಳುವುದು ಹೆಣಿಗೆಯನ್ನು. ಎರಡು ಕಡ್ಡಿಯ ಉಲ್ಲನ್ ಹೆಣಿಗೆಯಾಗಲಿ, ಒಂದೇ ಕಡ್ಡಿಯ ಕ್ರೋಶಾ ಆಗಲಿ. ನಮ್ಮ ಉಮ್ಮಂದಿರ ಕಾಲದಲ್ಲಿ ಇದು ಅನೇಕ ಮನೆಗಳಲ್ಲಿತ್ತು. ಟಿ.ವಿ. ಮೇಲಿನ ಹೊದಿಕೆ, ಮಗುವಿನ ಕುಲಾವಿ, ಗಂಡುಮಕ್ಕಳ ಟೊಪ್ಪಿ ಎಲ್ಲ ಮನೆಯಲ್ಲೇ ಆಗ್ತಿತ್ತು.

ಇಲ್ಲಿ ಒಂದು ಮಾತು ಮುಖ್ಯ. ಮನೆ ಬದಲಿಸುವ ಸಮಯದಲ್ಲಿ ಹೂವು, ಬಳ್ಳಿಯ ಕಷ್ಟದ ನಮೂನೆ ಬೇಡ. ಅದಕ್ಕೆ ಪುಸ್ತಕ ನೋಡಬೇಕು, ಲೆಕ್ಕ ಇಡಬೇಕು. ನಡುವೆ ಯಾರೋ ಕರೆದರೆ ಲೆಕ್ಕ ತಪ್ತದೆ, ಇದ್ದ ಕಿರಿಕಿರಿಗೆ ಇನ್ನೊಂದು ಸೇರ್ತದೆ. ಮಾಡಿದ್ದನ್ನೇ ಮಾಡುವ, ಯಾವಾಗ ಬೇಕಾದರೂ ಕೆಳಗಿಟ್ಟು ಏಳಬಹುದಾದ ಕೆಲಸ ಬೇಕು. ಕೈಗೆ ಒಂದೇ ಲಯ ಸಿಕ್ಕಿದಾಗ ಉಸಿರೂ ನಿಧಾನ ಆಗ್ತದೆ. 2013ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ನಿಯತಕಾಲಿಕದಲ್ಲಿ 3,545 ಮಂದಿ ಹೆಣಿಗೆಗಾರರ ಸಮೀಕ್ಷೆ ಪ್ರಕಟವಾಗಿತ್ತು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಸಮಾಧಾನ, ಸಂತೋಷ ಅನುಭವಿಸುತ್ತೇವೆಂದು ಅದರಲ್ಲಿ ತಿಳಿಸಿದ್ದರು. ಇದು ಅವರವರ ಅನುಭವದ ಮಾತು, ಮದ್ದಿಗೆ ಬದಲಿ ಅಲ್ಲ. ನಿದ್ದೆ, ಊಟ ಬಿಟ್ಟು ಹೋದಷ್ಟು ದುಃಖ ಇದ್ದರೆ ವೈದ್ಯರನ್ನೇ ಕಾಣಬೇಕು.

ಮೊದಲನೆಯದು, ಪಾತ್ರೆ ಒರೆಸುವ ಚೌಕ. ಹತ್ತಿ ನೂಲು, 4 ಮಿಲಿಮೀಟರ್ ದಪ್ಪದ ಎರಡು ಕಡ್ಡಿ ಸಾಕು. ಹಳೆಯ ಲೆಕ್ಕದಲ್ಲಿ ಅದು 8ನೇ ನಂಬರು. 40 ಕುಣಿಕೆ ಹಾಕಿ, ಪ್ರತಿ ಸಾಲನ್ನೂ ಸೀದಾ ಹೆಣೆಯುತ್ತಾ ಹೋಗಿ. ಉಲ್ಟಾ ಹೆಣಿಗೆಯ ಅಗತ್ಯವೇ ಇಲ್ಲ. ಎರಡು ಸಾಲಿಗೆ ಒಂದು ಉಬ್ಬುಗೆರೆ ಕಾಣ್ತದೆ. 80 ಸಾಲಿಗೆ 40 ಗೆರೆ ಬಂದಾಗ ಹೆಚ್ಚುಕಡಿಮೆ ಸರಿಯಾದ ಚೌಕ ಆಗಿರ್ತದೆ. ಹೊಸ ಅಡಿಗೆಮನೆಗೆ ನಿಮ್ಮ ಕೈಯ ಮೊದಲ ವಸ್ತು ಅದು.

ಎರಡನೆಯದು, ಮಗುವಿನ ಕುಲಾವಿ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸಾಧಾರಣ 35 ಸೆಂಟಿಮೀಟರ್. ಹೆಣಿಗೆ ಹಿಗ್ಗುವುದರಿಂದ 32 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಎತ್ತರದ ಒಂದು ಪಟ್ಟಿ ಮಾಡಿದರೆ ಆಯ್ತು. ಪಕ್ಕ ಜೋಡಿಸಿ ಹೊಲಿದು, ಮೇಲಿನ ಅಂಚಿಗೆ ನೂಲು ಪೋಣಿಸಿ ಎಳೆದು ಗಂಟು ಹಾಕಿ. ಕುಟುಂಬದಲ್ಲಿ ಯಾರದ್ದಾದರೂ ಬಾಣಂತನ ಇದ್ದೇ ಇರ್ತದೆ, ಹಾಳಾಗುವುದಿಲ್ಲ.

ಮೂರನೆಯದು, ಕ್ರೋಶಾ ಟೊಪ್ಪಿ. ಐದು ಸರಪಳಿ ಕುಣಿಕೆ ಹಾಕಿ ಉಂಗುರ ಮಾಡಿ. ಅದರೊಳಗೆ ಕಡ್ಡಿಗೆ ಒಮ್ಮೆ ನೂಲು ಸುತ್ತಿ ಹಾಕುವ ಉದ್ದ ಹೊಲಿಗೆ 12. ಮುಂದಿನ ಸುತ್ತಿಗೆ 24, ಅದರ ಮುಂದಕ್ಕೆ 36. ಹೀಗೆ ಸುತ್ತಿಗೆ 12 ಏರಿಸಿದರೆ ತಟ್ಟೆಯ ಹಾಗೆ ಚಪ್ಪಟೆ ಬರ್ತದೆ. ನೆತ್ತಿ ಮುಚ್ಚುವಷ್ಟು ಆದ ಮೇಲೆ ಏರಿಸುವುದು ನಿಲ್ಲಿಸಿ. ಅಂಚು ತಾನಾಗಿ ಕೆಳಗೆ ಇಳೀತದೆ.

ಈ ಸಾಮಾನನ್ನು ಟೆಂಪೊಗೆ ಹಾಕಬೇಡಿ. ಆಧಾರ್, ಬ್ಯಾಂಕ್ ಪುಸ್ತಕ, ಔಷಧ, ಚಾರ್ಜರ್ ಇರುವ ಕೈಚೀಲದಲ್ಲೇ ಒಂದು ಉಂಡೆ ನೂಲು, ಕಡ್ಡಿ, ಸಣ್ಣ ಕತ್ತರಿ ಇರಲಿ. ಪುಟ್ಟ ಮಕ್ಕಳ ಕೈಗೆ ಕಡ್ಡಿ ಸಿಗದ ಹಾಗೆ ಡಬ್ಬದಲ್ಲಿಡಿ. ನಮ್ಮ ಮಳೆಗಾಲದಲ್ಲಿ ಉಲ್ಲನ್ ಬೇಗ ಮುಗ್ಗಲು ಹಿಡೀತದೆ. ಆದ್ದರಿಂದ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಡುವುದು ಒಳ್ಳೆಯದು.

ಹೆಂಗಸರಷ್ಟೇ ಅಲ್ಲ, ಮಕ್ಕಳೂ ಮನೆ ಬದಲಾವಣೆಯ ಭಾರ ಹೊರ್ತಾರೆ. ವರ್ಷದ ನಡುವೆ ಹೊಸ ಮದ್ರಸಕ್ಕೆ ಸೇರಿದ ಮಗು ಹಿಂದಿನ ಸಾಲಿನಲ್ಲಿ ಮಾತಿಲ್ಲದೆ ಕೂರುವುದನ್ನು ನಾವು ಪ್ರತಿವರ್ಷ ನೋಡ್ತೇವೆ. "ಯಾಕೆ ಮಗಾ?" ಅಂದರೆ ಉತ್ತರ ಇಲ್ಲ. ಮನೆಯಲ್ಲಿ ಉಮ್ಮನ ಪಕ್ಕ ಕೂತು ನೂಲು ಸುತ್ತುವಾಗ ಅದೇ ಮಗು ಹಳೆಯ ಗೆಳೆಯರ ಮಾತು ತಾನಾಗಿ ತೆಗೀತದೆ. ಮುಖ ನೋಡದೆ ಮಾತಾಡುವುದು ಮಕ್ಕಳಿಗೆ ಸುಲಭ. ಅಜ್ಜಿಗೂ ಹಾಗೆಯೇ. ಅಂಗಳ ಬಿಟ್ಟು ನಾಲ್ಕನೇ ಮಹಡಿಗೆ ಬಂದವರಿಗೆ ದಿನ ದೊಡ್ಡದು. ಮೊಮ್ಮಗಳಿಗೆ ಕಲಿಸುವ ಕೆಲಸ ಅವರಿಗೆ ಕೊಡಿ. ಕಣ್ಣು ಮಂಜಾದರೂ ಬೆರಳಿಗೆ ದಾರಿ ಗೊತ್ತಿರ್ತದೆ. ಮನೆ ಹೋಯ್ತು ಎನ್ನುವವರಿಗೆ ತನ್ನಿಂದ ಇನ್ನೂ ಆಗುವುದು ಉಂಟು ಎಂದು ಗೊತ್ತಾಗುವುದು ಸಣ್ಣ ಸಂಗತಿಯಲ್ಲ.

ಪವಿತ್ರ ಕುರ್‌ಆನಿನ 16ನೇ ಅಧ್ಯಾಯ ಅನ್ನಹ್ಲ್‌ನ 80ನೇ ವಚನದಲ್ಲಿ ಮನೆಯನ್ನು ನೆಮ್ಮದಿಯ ತಾಣವಾಗಿ ಕೊಟ್ಟ ಅನುಗ್ರಹದ ಪ್ರಸ್ತಾಪ ಇದೆ. ಪ್ರಯಾಣದ ದಿನ ಹೊರಲು ಹಗುರವಾದ ಡೇರೆಯ ಮಾತೂ, ಪ್ರಾಣಿಗಳ ಉಣ್ಣೆಯಿಂದ ಸಿಗುವ ಮನೆಬಳಕೆಯ ವಸ್ತುಗಳ ಮಾತೂ ಅದರಲ್ಲೇ ಬರ್ತದೆ. ನೆಲೆ, ಪ್ರಯಾಣ, ಉಣ್ಣೆ ಮೂರೂ ಒಂದೇ ಕಡೆ. ನೆಲೆ ಬದಲಾಗುವುದು ಮನುಷ್ಯರಿಗೆ ಹೊಸತಲ್ಲ ಎಂದು ಇದನ್ನು ಓದುವಾಗ ನಮಗೆ ಅನಿಸ್ತದೆ.

ಹೊಸ ಜಾಗದಲ್ಲಿ ಹೆಣೆದ ಮೊದಲ ಎರಡು ಚೌಕಗಳಲ್ಲಿ ಒಂದನ್ನು ಪಕ್ಕದ ಮನೆಗೆ ಕೊಟ್ಟು ನೋಡಿ. ಅವರು ಬ್ಯಾರಿಯೋ, ತುಳುವರೋ, ಕೊಂಕಣಿಯವರೋ ಯಾರೇ ಆಗಿರಲಿ. ಬರಿಗೈಯಲ್ಲಿ ಹೋಗಿ ಬಾಗಿಲು ತಟ್ಟಲು ನಾಚಿಕೆ ಆಗುವವರಿಗೆ ಅದೊಂದು ನೆಪ. ಕೊಟ್ಟ ಪಾತ್ರೆ ಖಾಲಿ ಬರುವುದಿಲ್ಲ ಎಂಬುದು ನಮ್ಮ ಊರಿನ ರೂಢಿ ಅಲ್ಲವೇ? ಚೌಕಕ್ಕೂ ಅದೇ ರೂಢಿ ನಡೀತದೆ.