ಮುಂಬೈಗೆ ಹೋದ ಉಪ್ಪಿನಕಾಯಿ

ಅಧ್ಯಾಪಕರಿಗೆ ದುಡಿಮೆಗಿಂತ ರಜೆಯೇ ಹೆಚ್ಚೆಂಬುದು ಲೋಕದ ನಂಬಿಕೆ. ಲೋಕದೊಡನೆ ವಾದಿಸುವ ಚಪಲ ನನಗಿಲ್ಲ. ಆದರೆ ಮುಂಬೈಯಲ್ಲಿರುವ ಇಬ್ಬರು ಗೆಳೆಯರನ್ನು ಕಂಡುಬರಬೇಕೆಂದು ಹದಿನೈದು ವರ್ಷಗಳಿಂದ ಅಂದುಕೊಳ್ಳುತ್ತಿದ್ದವನಿಗೆ ಒಟ್ಟಾಗಿ ಮೂರು ದಿನಗಳು ದೊರೆತದ್ದು 2024ರ ಮಾರ್ಚ್ ಕೊನೆಯಲ್ಲಿ. 29ರಂದು ಗುಡ್ ಫ್ರೈಡೆ. ಶನಿವಾರಕ್ಕೊಂದು ಸಾಂದರ್ಭಿಕ ರಜೆ. ಮರುದಿನ ಹೇಗೂ ಭಾನುವಾರ.

ಕಾಲೇಜಿನ ದಿನಗಳಲ್ಲಿ ನಾವು ಮೂವರೂ ಪರಸ್ಪರರನ್ನು ಊರ ಹೆಸರಿನಿಂದಲೇ ಕರೆಯುತ್ತಿದ್ದೆವು. ನಾನು ಕುಂದಾಪುರ; ಉಳಿದಿಬ್ಬರು ಬೈಂದೂರು ಮತ್ತು ಬ್ರಹ್ಮಾವರ. ಬ್ರಹ್ಮಾವರ ಈಗ ಬ್ಯಾಂಕೊಂದರಲ್ಲಿ ಅಧಿಕಾರಿ. ನಮ್ಮೆಲ್ಲರಿಗಿಂತ ಕನ್ನಡದಲ್ಲಿ ಹೆಚ್ಚು ಅಂಕ ಗಳಿಸುತ್ತಿದ್ದವನು ಬೈಂದೂರು. ತಂದೆ ತೀರಿಕೊಂಡದ್ದರಿಂದ ಬಿ.ಎ. ಎರಡನೆಯ ವರ್ಷದಲ್ಲೇ ಓದು ಬಿಟ್ಟು, ದೂರದ ಮಾವನೊಬ್ಬನ ಹಿಂದೆ ಮಾಟುಂಗದ ಹೋಟೆಲಿಗೆ ಹೋದ. ಅವನ ಟಿಪ್ಪಣಿ ಪುಸ್ತಕಗಳನ್ನು ಓದಿ ಪರೀಕ್ಷೆ ಮುಗಿಸಿದವನು ನಾನು. ಅವು ಇಂದಿಗೂ ನನ್ನ ಕಪಾಟಿನಲ್ಲಿವೆ.

ಹೊರಡುವ ಹಿಂದಿನ ಭಾನುವಾರ ಅವನ ತಾಯಿಯನ್ನು ನೋಡಲು ಬೈಂದೂರಿಗೆ ಹೋದೆ. ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಕಡಲು, ನಡುವೆ ಹೆದ್ದಾರಿ. ಎಷ್ಟು ಸಲ ಹಾದುಹೋದರೂ ಬಸ್ಸಿನಲ್ಲಿ ಯಾವ ಬದಿಗೆ ಕೂರಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ತಾಯಿ ಜಗಲಿಯಲ್ಲಿ ಕುಳಿತಿದ್ದರು. ಬಲಗೈಗೆ ಪ್ಲಾಸ್ಟರು. ಬಾವಿಕಟ್ಟೆಯ ಬಳಿ ಜಾರಿ ಬಿದ್ದು ಹದಿನೈದು ದಿನಗಳಾಗಿದ್ದವಂತೆ. ಮಿಡಿ ಉಪ್ಪಿನಕಾಯಿಯ ಭರಣಿಯೊಂದನ್ನು ಎಡಗೈಯಿಂದ ನನ್ನತ್ತ ಸರಿಸಿ, "ನಾ ಬಿದ್ದದ್ ಅಂವ್ನತ್ರ ಹೇಳುಕಾಗ ಮಗಾ. ಕೆಲ್ಸ ಬಿಟ್ಕಂಡ್ ಓಡಿ ಬತ್ತ" ಎಂದರು. ನಾನು ತಲೆಯಾಡಿಸಿದೆ. ಈ ತಲೆಯಾಡಿಸುವಿಕೆ ಎಷ್ಟು ಭಾರವಾದೀತೆಂಬುದು ಆಗ ಹೊಳೆಯಲಿಲ್ಲ.

ಗುರುವಾರ ಸಂಜೆ ಕುಂದಾಪುರದಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಗ್ಗೆ ಮುಂಬೈ. ಸುಮಾರು 740 ಕಿಲೋಮೀಟರುಗಳ ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ಣವಾಗಿ ತೆರೆಯುವ ಮುನ್ನ ನಮ್ಮವರಿಗೆ ಇದ್ದದ್ದು ಹಗಲಿರುಳು ಸೊಂಟ ಮುರಿಯುವ ಬಸ್ಸು. ಅವರಿಗೂ ಹಿಂದಿನವರಿಗೆ ಕರಾವಳಿಯ ಹಡಗು. ಮೇಲಿನ ಬರ್ತಿನಲ್ಲಿ ಭರಣಿಯನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದೆ.

ಶುಕ್ರವಾರವೆಲ್ಲ ಬ್ರಹ್ಮಾವರನ ಅಧೀನ. ಆ ವರ್ಷದ ಜನವರಿಯಲ್ಲಷ್ಟೇ ತೆರೆದಿದ್ದ, ಇಪ್ಪತ್ತೊಂದು ಕಿಲೋಮೀಟರಿಗೂ ಮಿಕ್ಕಿ ಉದ್ದದ ಅಟಲ್ ಸೇತುವೆಯನ್ನು ತಾನೇ ಕಟ್ಟಿಸಿದವನಂತೆ ತೋರಿಸಿದ. ನನಗೆ ಬೇಕಾಗಿದ್ದದ್ದು ಬಾಂದ್ರಾದ ಕಡಲತೀರ. 'ಶಿಕಾರಿ'ಯ ಕರ್ತೃ ಯಶವಂತ ಚಿತ್ತಾಲರು ಬಹುಕಾಲ ಬಾಳಿದ ನೆರೆ ಅದು. ಪಾಠ ಹೇಳುವವನಿಗೆ ಇಂಥ ತೀರ್ಥಯಾತ್ರೆಯ ದೌರ್ಬಲ್ಯವಿರುತ್ತದೆ.

ಶನಿವಾರ ಮಧ್ಯಾಹ್ನ ಮಾಟುಂಗ. ಇಲ್ಲಿನ ಬೀದಿಗಳಲ್ಲಿ ನಡೆದರೆ, ನಮ್ಮ ಜಿಲ್ಲೆಯ ಬಡತನ ಮುಂಬೈಗೆ ಉಣಬಡಿಸಿದ ಕಥೆ ಕಣ್ಣಿಗೆ ಬೀಳುತ್ತದೆ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ನಿಲ್ದಾಣದ ಪಕ್ಕದಲ್ಲೇ ಇದೆ; ಬಾಳೆಯೆಲೆಯ ಊಟಕ್ಕೆ ಜನ ಸಾಲುಗಟ್ಟಿದ್ದರು. ಸ್ವಲ್ಪ ದೂರದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್. ಹಗಲಿನಲ್ಲಿ ಲೋಟ ತೊಳೆದ ಹುಡುಗರು ಈ ನಗರದ ಕನ್ನಡ ರಾತ್ರಿ ಶಾಲೆಗಳಲ್ಲಿ ತೂಕಡಿಸುತ್ತ ಓದಿ, ವಕೀಲರೂ ಗುಮಾಸ್ತರೂ ಹೋಟೆಲು ಮಾಲಿಕರೂ ಆದರು. ಆ ಶಾಲೆಗಳಲ್ಲಿ ಅನೇಕವು ಈಗ ಮುಚ್ಚಿವೆ. ಕಲಿಯಬೇಕಾದ ಹುಡುಗರೇ ಬರುತ್ತಿಲ್ಲ. ಊರಿನ ಹುಡುಗರಿಗೆ ಈಗ ಬೆಂಗಳೂರು ಹತ್ತಿರ.

ಗಲ್ಲಾಪೆಟ್ಟಿಗೆಯ ಹಿಂದೆ ಬೈಂದೂರು ಕುಳಿತಿದ್ದ. ಅವನೀಗ ಮ್ಯಾನೇಜರು. ಬಿಲ್ಲು ಚುಚ್ಚುವ ಕಂಬಿಯ ಪಕ್ಕದಲ್ಲಿ ಗ್ರಂಥಾಲಯದ ಕಾದಂಬರಿಯೊಂದಿತ್ತು. ನನ್ನನ್ನು ಕಂಡೊಡನೆ, "ಅಮ್ಮ ಹ್ಯಾಂಗಿದ್ರ್?" ಎಂದ.

"ಆರೋಗ್ಯವಾಗಿದ್ದಾರೆ. ಚಿಂತಿಸುವ ಅಗತ್ಯವಿಲ್ಲ" ಎಂದೆ.

"ಎಂತ ಮರಾಯ, ಪಾಠ ಮಾಡ್ದಂಗೆ ಮಾತಾಡ್ತೆ!" ಎಂದು ಅವನು ನಕ್ಕ. ಬ್ರಹ್ಮಾವರನೂ ನಕ್ಕ. ಹದಿನೇಳು ವರ್ಷ ಮುಂಬೈಯಲ್ಲಿದ್ದೂ ಅವನ ನಾಲಗೆಯಲ್ಲಿ ಕುಂದಾಪುರದ ಕನ್ನಡ ಒಂದಿಷ್ಟೂ ಕೆಟ್ಟಿರಲಿಲ್ಲ. ಕೆಟ್ಟದ್ದು ಕುಂದಾಪುರದಲ್ಲೇ ಇರುವ ನನ್ನದು. ಆದರೆ ಅಂದು ಗ್ರಾಂಥಿಕ ಭಾಷೆ ಬಾಯಿಗೆ ಬಂದದ್ದು ಅಭ್ಯಾಸದಿಂದ ಮಾತ್ರವಲ್ಲ. ಮನೆಮಾತಿನಲ್ಲಿ ಆ ಸುಳ್ಳು ಹೊರಡುತ್ತಲೇ ಇರಲಿಲ್ಲ.

ರಾತ್ರಿ ಡೊಂಬಿವಿಲಿಯ ಅವನ ಮನೆಯಲ್ಲಿ ಮೂವರಿಗೂ ಊಟ. ಎರಡು ಕೋಣೆಗಳ ಮನೆ. ಮಗ ನಮ್ಮ ಮಾತನ್ನು ಕೇಳಿ ಮರಾಠಿಯಲ್ಲಿ ಉತ್ತರಿಸುತ್ತಿದ್ದ. ಹೆಂಡತಿ ಗಂಜಿ ಬಡಿಸಿದರು. ಬೈಂದೂರು ಭರಣಿಯ ಬಟ್ಟೆ ಬಿಚ್ಚಿ, ಒಂದು ಮಿಡಿಯನ್ನು ಎತ್ತಿ, ಬಾಯಿಗಿಡದೆ ದೀಪದ ಬೆಳಕಿಗೆ ಹಿಡಿದ. ತಾಯಿ ಮಿಡಿಗೆ ಅರ್ಧ ಬೆರಳು ತೊಟ್ಟು ಬಿಡುವವರು. ಇದರಲ್ಲಿ ತೊಟ್ಟೇ ಇರಲಿಲ್ಲ.

"ಇದ್ ಅಮ್ಮ ಹಾಕದ್ ಅಲ್ಲ" ಎಂದ.

ಯಾರೂ ಮಾತನಾಡಲಿಲ್ಲ. ಅವನು ಮತ್ತೆ ಕೇಳಲೂ ಇಲ್ಲ, ನನ್ನ ಮುಖ ನೋಡಿದ, ಅಷ್ಟೆ. ನೆರೆಮನೆಯ ಹುಡುಗಿ ಹಾಕಿಕೊಟ್ಟ ಉಪ್ಪಿನಕಾಯಿ ಅದೆಂದೂ, ಬಾವಿಕಟ್ಟೆ, ಪ್ಲಾಸ್ಟರು, ಆಕೆ ಹೇಳಿಸಿದ ಮಾತು ಎಲ್ಲವನ್ನೂ ಹೇಳಿದೆ. ಎರಡು ವರ್ಷಗಳಿಂದ ಅವನು ಊರಿಗೆ ಬಂದಿರಲಿಲ್ಲ: ಮಗನ ಶಾಲೆ, ಅಡಿಗೆಯವರ ಕೊರತೆ, ಬದಲಿಗೆ ನಿಲ್ಲುವವರಿಲ್ಲ. ಅವೇ ಕಾರಣಗಳನ್ನು ಇನ್ನೊಮ್ಮೆ ಹೇಳತೊಡಗಿದವನು ನಡುವೆಯೇ ನಿಲ್ಲಿಸಿದ. ನನ್ನ ಮೇಲೆ ಸಿಟ್ಟಾಗುವನೆಂದು ಕಾದೆ. ಆಗಿದ್ದರೆ ನನಗೆ ಹಗುರವಾಗುತ್ತಿತ್ತು. "ಗಂಜಿ ತಣೀತ್, ಉಣ್ಣ್" ಎಂದಷ್ಟೇ ಅಂದ.

ಭಾನುವಾರ ಮಧ್ಯಾಹ್ನ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಬ್ರಹ್ಮಾವರ ನನ್ನನ್ನು ಬೀಳ್ಕೊಡುತ್ತಿದ್ದಾಗ ಬೈಂದೂರು ಕೈಚೀಲ ಹಿಡಿದು ಬಂದ. ಮುಂಗಡ ಟಿಕೇಟು ಸಿಕ್ಕಿರಲಿಲ್ಲ. ಸಾಮಾನ್ಯ ಬೋಗಿಯ ನೂಕುನುಗ್ಗಲಿನೊಳಗೆ ಮರೆಯಾದ. ನನ್ನ ಕಾದಿರಿಸಿದ ಬರ್ತಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಗೋವೆಯ ಮಡಗಾಂವ್ ನಿಲ್ದಾಣದಲ್ಲಿ ಇಳಿದು ನೋಡಿದೆ. ಬಾಗಿಲ ಬಳಿ ಚೀಲದ ಮೇಲೆ ಕುಳಿತೇ ತೂಕಡಿಸುತ್ತಿದ್ದ.

ಬೆಳಕು ಹರಿಯುವ ಮುನ್ನ ರೈಲು ಬೈಂದೂರಿನಲ್ಲಿ ನಿಂತಿತು. ಅವನು ಪ್ಲಾಟ್‌ಫಾರಮ್ಮಿನಲ್ಲಿ ನನ್ನ ಕಿಟಕಿಯವರೆಗೆ ನಡೆದು ಬಂದ. ಕೈಯಲ್ಲಿ ಹಿಂದಿನ ಸಲ ಊರಿನಿಂದ ಒಯ್ದಿದ್ದ ಹಳೆಯ ಭರಣಿ. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಹೆಂಡತಿ ಅದರಲ್ಲಿ ಸಕ್ಕರೆ ತುಂಬಿಸಿದ್ದರು.

"ಅಮ್ಮ ನಿಂಗೆ ಬೈತ್ರ್, ಕಾಣ್" ಎಂದು ಹೇಳಿ ಮೆಟ್ಟಲಿನತ್ತ ಹೊರಟ. ಒಂಬತ್ತೂವರೆಗೆ ನನಗೆ ಮೊದಲ ತರಗತಿಯಿತ್ತು.