ಗರಿಯ ಕೀಟ ತೇಲುವುದೇಕೆ?

ಗಾಳಕ್ಕೆ ಎರೆಹುಳುವನ್ನು ಸಿಕ್ಕಿಸಿ ಮೀನು ಹಿಡಿಯುವ ಕ್ರಮವನ್ನು ನಾವೆಲ್ಲರೂ ಬಲ್ಲೆವು. ಹುಳುವಿಗೆ ಬದಲಾಗಿ ಗಾಳದ ಕೊಕ್ಕೆಗೆ ಗರಿಯನ್ನೂ ದಾರವನ್ನೂ ಸುತ್ತಿ ಕೃತಕ ಕೀಟವನ್ನು ಕಟ್ಟುವ ಹವ್ಯಾಸವೊಂದುಂಟು. ಇಂಗ್ಲಿಷಿನಲ್ಲಿ ಇಂತಹ ಕೀಟಕ್ಕೆ ‘ಫ್ಲೈ’ ಎಂದು ಹೆಸರು. ಕೊಕ್ಕೆಯನ್ನು ಹಿಡಿದಿಡಲು ಚಿಕ್ಕದೊಂದು ವೈಸ್, ಹೊಲಿಗೆಯ ದಾರ, ಹುಂಜದ ಕತ್ತಿನ ಗರಿ, ಕೊನೆಯ ಗಂಟಿಗೆ ಹಚ್ಚಲು ತೊಟ್ಟು ಉಗುರುಬಣ್ಣ, ಇಷ್ಟಿದ್ದರೆ ಸಾಕು.

ಉಕ್ಕು ನೀರಿಗಿಂತ ಸುಮಾರು ಎಂಟು ಪಟ್ಟು ಸಾಂದ್ರವಾದುದು. ಹೀಗಿದ್ದೂ ಉಕ್ಕಿನ ಕೊಕ್ಕೆಯುಳ್ಳ ಕೀಟ ತೇಲುವುದು ಹೇಗೆ? ನೀರಿನ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ. ಇದನ್ನೇ ಮೇಲ್ಮೈ ಎಳೆತವೆನ್ನುವರು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಸೆಂಟಿಮೀಟರ್ ಉದ್ದದ ಅಂಚಿನಲ್ಲಿ ಈ ಎಳೆತ ಹೆಚ್ಚೆಂದರೆ ಸುಮಾರು 73 ಮಿಲಿಗ್ರಾಂ ತೂಕವನ್ನು ಹೊರಬಲ್ಲುದು. ಕೊಕ್ಕೆಯ ಸುತ್ತ ಚಾಚಿದ ಗರಿಯ ಎಳೆಗಳು ಇಂತಹ ಅಂಚನ್ನು ಹೆಚ್ಚಿಸುತ್ತವೆ. ನೀರಿಗೆ ಸಾಬೂನು ಬೆರೆಸಿದರೆ ಎಳೆತ ಕುಗ್ಗಿ, ಗರಿ ನೆನೆದು, ಕೀಟ ಮುಳುಗುವುದು.

ಮೀನಿನ ದೃಷ್ಟಿಯಿಂದಲೂ ಈ ಎಳೆಗಳು ಮುಖ್ಯವಾದವು. ಬೆಳಕಿನ ವಕ್ರೀಭವನದಿಂದಾಗಿ, ನೀರೊಳಗಿನ ಮೀನಿಗೆ ಹೊರಜಗತ್ತು ಕಾಣುವುದು ನೆತ್ತಿಯ ಮೇಲಿನ ಸುಮಾರು 97 ಡಿಗ್ರಿಯ ಬೆಳಕಿಂಡಿಯೊಂದರ ಮೂಲಕ. ಅದರಾಚೆಗೆ ಮೇಲ್ಮೈ ಕನ್ನಡಿಯಂತಿರುತ್ತದೆ. ಆ ಕನ್ನಡಿಯಲ್ಲಿ ಎಳೆಗಳು ಒತ್ತಿದ ಸಣ್ಣ ಗುಳಿಗಳೇ ಮೊದಲು ಮೀನಿನ ಕಣ್ಣಿಗೆ ಬೀಳುತ್ತವೆ.

ಹಾಗಾದರೆ ಗರಿಯನ್ನು ಎಷ್ಟು ಸುತ್ತು ಸುತ್ತಬೇಕು? ಇದನ್ನರಿಯಲು ಸಂಗಡಿಗರು ಬೇಕು. ಜಯನಗರದಲ್ಲೋ ಬನಶಂಕರಿಯಲ್ಲೋ ನಾಲ್ವರು ಸ್ನೇಹಿತರು ಒಂದು ಮೇಜಿನ ಸುತ್ತ ಕುಳಿತು, ಒಂದೇ ಅಳತೆಯ ಕೊಕ್ಕೆಗಳಿಗೆ ಒಂದೇ ಹುಂಜದ ಗರಿಗಳನ್ನು ಕಟ್ಟಲಿ; ಸುತ್ತುಗಳ ಸಂಖ್ಯೆಯನ್ನು ಮಾತ್ರ ಬದಲಿಸಲಿ. ಬಳಿಕ ಎಲ್ಲವನ್ನೂ ಬೋಗುಣಿಯ ನೀರಿಗೆ ಬಿಡಲಿ. ನುರಿತವರ ಕೀಟ ನೆಟ್ಟಗೆ ನಿಂತು ಹೊಸಬರದು ಒರಗಿದರೆ, ಕಾರಣವನ್ನು ಇಬ್ಬರೂ ಕಣ್ಣಾರೆ ಕಾಣಬಹುದು. ಒಬ್ಬರೇ ಕಟ್ಟುವಾಗ ಈ ಹೋಲಿಕೆ ದೊರೆಯದು. ಹರಟೆಯೇ ಇಲ್ಲಿ ಪ್ರಯೋಗವಾಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ದಕ್ಷಿಣ ಭಾರತದ ಬೂದು ಕಾಡುಕೋಳಿಯ ಕತ್ತಿನ ಗರಿಗಳಲ್ಲಿ ಮೇಣದಂತೆ ಹೊಳೆಯುವ ಚುಕ್ಕೆಗಳಿವೆ. ಕೀಟಕ್ಕೆ ಕಣ್ಣಿನಂತೆ ತೋರುವ ಈ ಗರಿಗಳಿಗೆ ಹಿಂದೆ ಬ್ರಿಟನ್ನಿನಲ್ಲಿ ಬಹಳ ಬೇಡಿಕೆಯಿತ್ತು. ಬೆಂಗಳೂರಿನ ದಕ್ಷಿಣಕ್ಕಿರುವ ಬನ್ನೇರುಘಟ್ಟದ ಕಾಡಿನಲ್ಲಿಯೂ ಈ ಪಕ್ಷಿಯುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇದಕ್ಕೆ ರಕ್ಷಣೆಯಿತ್ತಿದೆ. ಅಲ್ಲದೆ ಆ ಚುಕ್ಕೆ ಕೇವಲ ಅಲಂಕಾರ. ಕೀಟವನ್ನು ತೇಲಿಸುವುದು ಗಡುಸಾದ ಎಳೆಗಳು. ಆ ಕೆಲಸಕ್ಕೆ ಊರ ಹುಂಜದ ಗರಿಯೇ ಸಾಕಾಗಿರುವಾಗ ಕಾಡಿನ ಹಕ್ಕಿಯನ್ನು ನಾವು ಅದರ ಪಾಡಿಗೆ ಬಿಡಬೇಕು.