ಪುಟ ಓದಿ ಬರುವ ಜಾಹೀರಾತು

ಅಡಿಕೆಯ ಕೊಳೆರೋಗದ ಬಗ್ಗೆ ಯಾರೋ ಕನ್ನಡದಲ್ಲಿ ಬರೆದ ಒಂದು ಜಾಲಪುಟ ಇದೆ ಎಂದುಕೊಳ್ಳಿ. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು, ಉಜ್ಜಿ ಬೆಳಗಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿದಾಗ ಅಲಗು ಕೆಂಪಗಾದರೆ ಸುಣ್ಣ ಸಾಲದು ಎಂದರ್ಥ. ಹೀಗೆ ಒಂದೊಂದೇ ಹೇಳುತ್ತ ಹೋಗುವ ಬರಹ. ಅದರ ನಡುವೆ ಒಂದು ಚೌಕದಲ್ಲಿ ಸ್ಪ್ರೇಯರಿನದೋ ಕಾರ್ಬನ್ ಫೈಬರ್ ದೋಟಿಯದೋ ಜಾಹೀರಾತು ಬಂದು ಕೂತರೆ ತೋಟದವರಿಗೆ ಅದು ಕಿರಿಕಿರಿ ಅನ್ನಿಸುವುದಿಲ್ಲ. ಸಂತೆಯಲ್ಲಿ ಹಗ್ಗ ಮಾರುವವನು ದನಗಳ ಸಾಲಿನ ಪಕ್ಕದಲ್ಲೇ ಜಾಗ ಹಿಡಿಯುತ್ತಾನಲ್ಲ, ಹಾಗೆ. ಓದುವವರು ಯಾರು, ನಿನ್ನೆ ಏನು ಹುಡುಕಿದ್ದರು ಎಂಬುದು ಇಲ್ಲಿ ಬೇಕಾಗಿಲ್ಲ. ಈ ಪುಟ ಏನು ಹೇಳುತ್ತಿದೆ ಎಂದು ತಿಳಿದರೆ ಸಾಕು. ಸಂದರ್ಭೋಚಿತ ಜಾಹೀರಾತು ಎಂದರೆ ಇದೇ. ಇದರಿಂದ ಹಣ ಗಳಿಸುವುದು ಒಂದು ಕಸುಬು, ಅದೂ ಬರವಣಿಗೆಯನ್ನೇ ನಂಬಿದ ಕಸುಬು.

ಇಂಥ ಜಾಹೀರಾತುಗಳನ್ನು ಪುಟಗಳಿಗೆ ತಲುಪಿಸುವ ತನ್ನ ಆಡ್‌ಸೆನ್ಸ್ ಯೋಜನೆಯನ್ನು ಗೂಗಲ್ ಎಲ್ಲರಿಗೂ ತೆರೆದದ್ದು 2003ರಲ್ಲಿ. ಅದೇ ವರ್ಷ ಅದು ಅಪ್ಲೈಡ್ ಸೆಮ್ಯಾಂಟಿಕ್ಸ್ ಎಂಬ ಕ್ಯಾಲಿಫೋರ್ನಿಯಾದ ಕಂಪನಿಯನ್ನು ಕೊಂಡಿತ್ತು. ಪದಗಳ ಅರ್ಥಕ್ಕೂ ಅರ್ಥಕ್ಕೂ ಇರುವ ನಂಟನ್ನು ಯಂತ್ರಕ್ಕೆ ಕಲಿಸುವುದು ಆ ಕಂಪನಿಯ ಕೆಲಸ. ಆಡ್‌ಸೆನ್ಸ್ ಎಂಬ ಹೆಸರೂ ಅಲ್ಲಿಂದಲೇ ಬಂತು. ಬರೀ ಪದ ಗುರುತಿಸಿದರೆ ಸಾಲದು ಎಂಬುದಕ್ಕೆ ಆ ಕಾಲದ ಒಂದು ಪ್ರಸಂಗವನ್ನು ಈ ಕ್ಷೇತ್ರದವರು ಈಗಲೂ ನೆನೆಯುತ್ತಾರೆ. ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯ ಜಾಲತಾಣದಲ್ಲಿ ಒಂದು ಕೊಲೆಯ ಸುದ್ದಿ, ಶವವನ್ನು ಸೂಟ್‌ಕೇಸಿನಲ್ಲಿ ತುಂಬಿದ್ದರೆಂಬ ಸುದ್ದಿ. ಅದರ ಪಕ್ಕದಲ್ಲೇ ಸೂಟ್‌ಕೇಸಿನ ಜಾಹೀರಾತು. ಪದ ಹೊಂದಿತ್ತು, ಸಂದರ್ಭ ಹೊಂದಿರಲಿಲ್ಲ. ಎಲ್ಲಿ ಜಾಹೀರಾತು ಹಾಕಬಾರದು ಎಂಬ ವಿವೇಕವನ್ನು ಯಂತ್ರಕ್ಕೆ ಕಲಿಸುವ ಕೆಲಸ ಇಂದಿಗೂ ಮುಗಿದಿಲ್ಲ.

ತೆರೆಯ ಹಿಂದೆ ನಡೆಯುವುದನ್ನು ಚುಟುಕಾಗಿ ಹೇಳುತ್ತೇನೆ. ಪುಟದ ಮಾಲೀಕರು ಆಡ್‌ಸೆನ್ಸ್‌ನ ನಾಲ್ಕು ಸಾಲು ಕೋಡನ್ನು ತಮ್ಮ ಪುಟಕ್ಕೆ ಅಂಟಿಸುತ್ತಾರೆ. ಗೂಗಲ್‌ನ ಓದುಯಂತ್ರವೊಂದು ಬಂದು ಪುಟವನ್ನು ಓದಿ, ಅದು ಯಾವ ವಿಷಯದ್ದೆಂದು ಗುರುತು ಹಾಕಿಕೊಳ್ಳುತ್ತದೆ. ಯಾರಾದರೂ ಆ ಪುಟ ತೆರೆದೊಡನೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಖಾಲಿ ಚೌಕಕ್ಕಾಗಿ ಜಾಹೀರಾತುದಾರರ ನಡುವೆ ಹರಾಜು ಮುಗಿದಿರುತ್ತದೆ. ಜಾಹೀರಾತುದಾರ ಕೊಟ್ಟ 100 ರೂಪಾಯಿಯಲ್ಲಿ ಸುಮಾರು 68 ರೂಪಾಯಿ ಪುಟದವರಿಗೆ, ಉಳಿದದ್ದು ಗೂಗಲ್‌ಗೆ. ಮೊದಲು ಮುಖ್ಯವಾಗಿ ಕ್ಲಿಕ್ಕಿನ ಲೆಕ್ಕದಲ್ಲಿದ್ದ ಪಾವತಿ 2024ರಿಂದ ಜಾಹೀರಾತು ಕಣ್ಣಿಗೆ ಬಿದ್ದ ಲೆಕ್ಕಕ್ಕೆ ಬದಲಾಗಿದೆ.

ಕಸುಬುದಾರಿಕೆ ಕಾಣುವುದು ಇದಕ್ಕಿಂತ ಮೊದಲಿನ ಹಂತದಲ್ಲಿ, ಪುಟವನ್ನು ಬರೆಯುವಾಗ. ‘ಕೃಷಿಯಲ್ಲಿ ಸಾಧನೆ’ ಎಂಬ ತಲೆಬರಹದ ಪುಟ ಯಂತ್ರಕ್ಕೂ ಅಸ್ಪಷ್ಟ, ಓದುಗರಿಗೂ ಅಸ್ಪಷ್ಟ. ‘ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮ’ ಎಂದರೆ ಇಬ್ಬರಿಗೂ ದಾರಿ ಸಿಕ್ಕಿತು. ‘ಅಡಿಕೆ’ ಎಂಬ ಒಂದೇ ಪದ ಇದ್ದರೆ ಯಂತ್ರ ಎಲೆಯಡಿಕೆಯ ಕಡೆಗೆ ಹೋಗಬಹುದು, ಮಾರುಕಟ್ಟೆ ದರದ ಕಡೆಗೂ ಹೋಗಬಹುದು. ಸುತ್ತ ಮೈಲುತುತ್ತ, ಸುಣ್ಣ, ಗೊನೆ, ಮಳೆ ಎಂಬ ಪದಗಳಿದ್ದಾಗ ಅದು ತೋಟಕ್ಕೇ ಬರುತ್ತದೆ. ಇದಕ್ಕಾಗಿ ಪದಗಳನ್ನು ತುರುಕಬೇಕಾಗಿಲ್ಲ. ವಿಷಯ ಬಲ್ಲವರು ಬಿಡಿಸಿ ಬರೆದರೆ ಆ ಪದಗಳು ತಾವಾಗಿಯೇ ಬರುತ್ತವೆ. ನನಗೆ ಈ ಕಸುಬಿನಲ್ಲಿ ಅತ್ಯಂತ ಹಿಡಿಸುವ ಸಂಗತಿಯೇ ಇದು: ಓದುಗರಿಗಾಗಿ ಪಟ್ಟ ಶ್ರಮವೇ ಸಂಪಾದನೆಗೂ ಆಧಾರವಾಗುತ್ತದೆ.

ಕನ್ನಡದ ಪುಟಗಳಿಗೆ ಇನ್ನೊಂದಷ್ಟು ಎಚ್ಚರ ಬೇಕು. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿ ಹಾಗೇ ಏರಿಸಿದ ಲೇಖನ ನಮ್ಮ ಕಣ್ಣಿಗೆ ಚೆಂದದ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಕಾಣುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡ್‌ಗೆ ಬದಲಿಸದೆ ಅದು ಓದಿಗೆ ಸಿಗದು. ಪತ್ರಿಕೆಯ ಕತ್ತರಿಕೆಯನ್ನು ಚಿತ್ರವಾಗಿ ಹಾಕಿ ಕೆಳಗೆ ಒಂದು ಸಾಲೂ ಬರೆಯದಿದ್ದರೆ ಆ ಪುಟದ ವಿಷಯ ಗೊತ್ತಾಗುವುದೂ ಕಷ್ಟ. ಅಡಿಕೆಗೆ, ಅಡಿಕೆಯಲ್ಲಿ, ಅಡಿಕೆತೋಟದಿಂದ ಎಂದು ಪ್ರತ್ಯಯ ಬೆಳೆಸಿಕೊಂಡು ಹೋಗುವ ನಮ್ಮ ಭಾಷೆಯ ಪದಗಳನ್ನು ಬಿಡಿಸಿ ಮೂಲ ಹಿಡಿಯುವುದು ಯಂತ್ರಕ್ಕೆ ಸಣ್ಣ ಕೆಲಸವೇನಲ್ಲ. ಹಿಂದಿಗೆ ಆಡ್‌ಸೆನ್ಸ್ ಬಂದದ್ದೇ 2014ರಲ್ಲಿ. ಕನ್ನಡದ ಸರದಿ ಅದಕ್ಕೂ ತಡವಾಗಿ ಬಂತು. ಕನ್ನಡ ಪುಟಕ್ಕೆ ಬರುವ ದರ ಇಂಗ್ಲಿಷ್ ಪುಟಕ್ಕಿಂತ ಸಾಮಾನ್ಯವಾಗಿ ಕಡಿಮೆ ಎಂಬುದನ್ನೂ ಮುಚ್ಚಿಡಬಾರದು. ಕನ್ನಡದಲ್ಲಿ ಜಾಹೀರಾತು ಕೊಡುವ ವ್ಯಾಪಾರಿಗಳು ಹೆಚ್ಚಾದಂತೆ ಹರಾಜೂ ಏರುತ್ತದೆ.

ಚೌಕವನ್ನು ಎಲ್ಲಿ ಇಡಬೇಕು ಎಂಬುದರಲ್ಲೂ ಒಂದು ಹದವಿದೆ. ಫೋನಿನಲ್ಲಿ ಓದುತ್ತಿರುವಾಗ ಜಾಹೀರಾತು ತಡವಾಗಿ ಬಂದು ಸಾಲುಗಳನ್ನು ಕೆಳಗೆ ತಳ್ಳಿದರೆ ಓದುತ್ತಿದ್ದ ಜಾಗ ತಪ್ಪಿ, ಬೆರಳು ಬೇಡದಲ್ಲಿ ಒತ್ತುತ್ತದೆ. ಬಲ್ಲವರು ಚೌಕದ ಎತ್ತರವನ್ನು ಮೊದಲೇ ಕಾದಿರಿಸಿ ಖಾಲಿ ಬಿಡುತ್ತಾರೆ. ಜಾಹೀರಾತು ಬಂದಾಗ ಆ ಜಾಗದಲ್ಲೇ ಕೂರುತ್ತದೆ, ಸಾಲು ಕದಲುವುದಿಲ್ಲ. ‘ಮುಂದಿನ ಪುಟ’ ಎಂಬ ಗುಂಡಿಗೆ ತಾಗಿಸಿ ಇಡುವುದಿಲ್ಲ. ಅಳತೆ ಹೇಳುವ ಪ್ಯಾರಾದ ಹೊಟ್ಟೆಯೊಳಗೆ ಇಡುವುದಿಲ್ಲ, ಅದು ಮುಗಿದ ಮೇಲೆ ಇಡುತ್ತಾರೆ. ತಮ್ಮ ಪುಟದ ಜಾಹೀರಾತನ್ನು ತಾವೇ ಒತ್ತುವುದು, ನೆಂಟರಿಗೆ ಒತ್ತಲು ಹೇಳುವುದು ನಿಯಮಕ್ಕೆ ವಿರುದ್ಧ, ಖಾತೆಯೇ ಹೋಗುತ್ತದೆ.

ಈಗ ಹಣದ ಲೆಕ್ಕ. ಸಾವಿರ ಪುಟನೋಟಕ್ಕೆ ಬಂದ ಆದಾಯವನ್ನು ಆರ್‌ಪಿಎಂ ಎನ್ನುತ್ತಾರೆ. ಲೆಕ್ಕಕ್ಕೆಂದು ಅದನ್ನು 50 ರೂಪಾಯಿ ಎಂದೂ ಡಾಲರನ್ನು 85 ರೂಪಾಯಿ ಎಂದೂ ಹಿಡಿಯೋಣ. ಖಾತೆಯಲ್ಲಿ 100 ಡಾಲರ್ ಸೇರುವ ತನಕ ಪಾವತಿ ಇಲ್ಲ. ಅಂದರೆ 8,500 ರೂಪಾಯಿ, ಅಂದರೆ 1,70,000 ಪುಟನೋಟ. ಕೆಲವರಿಗೆ ಇದು ಒಂದು ತಿಂಗಳ ಮಾತು, ಹಲವರಿಗೆ ವರ್ಷದ್ದು. ಗಳಿಕೆ 10 ಡಾಲರ್ ತಲುಪಿದಾಗ ವಿಳಾಸ ಖಾತರಿ ಮಾಡಿಕೊಳ್ಳಲು ಪಿನ್ ಇರುವ ಕಾಗದವೊಂದು ಅಂಚೆಯಲ್ಲಿ ಬರುತ್ತದೆ. ಇಡೀ ವ್ಯವಹಾರ ತೆರೆಯ ಮೇಲೆ ನಡೆದರೂ ಈ ಒಂದು ಗುರುತು ಮಾತ್ರ ಪೋಸ್ಟ್‌ಮ್ಯಾನ್ ಕೈಯಿಂದ ಬರುವುದು ನನಗೆ ಇಷ್ಟ.

ಇಂದು ಆಡ್‌ಸೆನ್ಸ್‌ನಲ್ಲಿ ಪುಟ ಓದಿ ಬರುವ ಜಾಹೀರಾತುಗಳ ಜೊತೆಗೆ ಓದುಗರ ಜಾಡು ಹಿಡಿದು ಬರುವವೂ ಇವೆ. ಜಾಡು ಹಿಡಿಯದೆ ಸಂಪಾದನೆ ಸಾಧ್ಯವಿಲ್ಲ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ನೆದರ್ಲೆಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ 2020ರಲ್ಲಿ ಜಾಡು ಹಿಡಿಯುವ ಕುಕೀಗಳನ್ನು ಬಿಟ್ಟು ಪೂರ್ತಿ ಸಂದರ್ಭೋಚಿತ ಜಾಹೀರಾತಿಗೆ ಬಂತು. ಆ ವರ್ಷದ ಮೊದಲ ತಿಂಗಳುಗಳ ಆದಾಯ ಹಿಂದಿನ ವರ್ಷಕ್ಕಿಂತ ಹೆಚ್ಚೇ ಆಯಿತು. ಓದುಗರ ಬೆನ್ನು ಬೀಳದೆ ಗಳಿಸುವ ಮಾರ್ಗ ಇದೆ ಎಂದಾದ ಮೇಲೆ ಅದನ್ನೇ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪುಟದ ಮಾಲೀಕರ ಕೈಯಲ್ಲಿ ಇನ್ನೊಂದು ಅಧಿಕಾರವೂ ಇದೆ. ತಮಗೆ ಬೇಡವಾದ ಬಗೆಯ ಜಾಹೀರಾತುಗಳನ್ನು ಆಡ್‌ಸೆನ್ಸ್‌ನಲ್ಲಿ ತಡೆಹಿಡಿಯಬಹುದು: ಜ್ಯೋತಿಷ್ಯ, ದಿಢೀರ್ ಶ್ರೀಮಂತಿಕೆಯ ದಾರಿ, ತೂಕ ಇಳಿಸುವ ಔಷಧ ಹೀಗೆ ಪಟ್ಟಿಯೇ ಇದೆ. ತಡೆದಷ್ಟೂ ಹರಾಜಿಗೆ ಬರುವವರು ಕಡಿಮೆ, ಗಳಿಕೆಯೂ ಸ್ವಲ್ಪ ಕಡಿಮೆ. ಗೊನೆ ಕೊಳೆತು ಉದುರುತ್ತಿರುವಾಗ ಉಪಾಯ ಹುಡುಕಿಕೊಂಡು ಬಂದ ಬೆಳೆಗಾರರ ಕಣ್ಣಿಗೆ ದೃಷ್ಟಿ ತೆಗೆಯುವವರ ಜಾಹೀರಾತು ಬೀಳಬಾರದು ಎಂದು ಆ ತಡೆಯ ಗುಂಡಿ ಒತ್ತುವವರಿದ್ದಾರೆ.